ಐದಡಿ ಹಿತ್ತಲಲ್ಲಿ ಅತ್ತೆಯ ಹೊಲ

ನಮ್ಮತ್ತೆ ನನ್ನ ತೋಟ ಕಿತ್ತು ಹಾಕಿದ್ದು ಇದು ಎರಡನೇ ಸಲ.

ಮೊದಲನೇ ಸಲ ಕಿತ್ತಾಗ ನನಗೆ ಇಪ್ಪತ್ತನಾಲ್ಕು ವರ್ಷ. ಈಗ ಐವತ್ತು. ನಡುವೆ ಇಷ್ಟು ದೊಡ್ಡ ಗ್ಯಾಪ್ ಕೊಟ್ಟು, ಅದೇ ಕೆಲಸವನ್ನು ಅಷ್ಟೇ ಅಚ್ಚುಕಟ್ಟಾಗಿ ಮಾಡುವವರು ಎಷ್ಟು ಜನ ಸಿಗುತ್ತಾರೆ ಹೇಳಿ?

ಮೇ ತಿಂಗಳು. ಶಾಲೆಗೆ ರಜ. ಬೆಳಗ್ಗೆ ಹಾಲು ತರಲು ಹೋಗಿದ್ದೆ. ಹತ್ತು ನಿಮಿಷದ ಕೆಲಸ. (ದಾರಿಯಲ್ಲಿ ಮಾತಿಗೆ ಸಿಕ್ಕವರನ್ನೂ ಸೇರಿಸಿದರೆ ಅರ್ಧ ಗಂಟೆ.) ವಾಪಸ್ ಬಂದು ಹಿತ್ತಲ ಬಾಗಿಲು ತೆಗೆದರೆ ನನ್ನ ತೋಟ ಇಲ್ಲ. ಟೊಮೇಟೊ ಸಸಿ, ಪೆಟೂನಿಯ, ಡಯಾಂಥಸ್, ನಾಲ್ಕೇ ನಾಲ್ಕು ಎಲೆ ಬಿಟ್ಟಿದ್ದ ಕ್ಯಾಪ್ಸಿಕಂ, ಎಲ್ಲವೂ ಬೇರು ಸಮೇತ ಹೊರಗೆ. ಬಿಸಾಡಿರಲಿಲ್ಲ. ಬೇರಿನ ಮಣ್ಣು ಕೊಡವಿ, ತಲೆಯೆಲ್ಲ ಒಂದು ಕಡೆ, ಬೇರೆಲ್ಲ ಒಂದು ಕಡೆ ಬರುವಂತೆ ಕಾಂಪೌಂಡ್ ಗೋಡೆಯ ಬುಡಕ್ಕೆ ಗುಪ್ಪೆ ಹಾಕಿದ್ದರು. ಹೊಲದಲ್ಲಿ ಕಳೆ ಕಿತ್ತು ಬದುವಿಗೆ ಹಾಕುತ್ತಾರಲ್ಲ, ಹಾಗೆ.

ನಡುವೆ ಕುಕ್ಕರಗಾಲಲ್ಲಿ ಕೂತಿದ್ದರು ನಮ್ಮತ್ತೆ ಸಿದ್ದಗಂಗಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಮೊಣಕೈವರೆಗೂ ಮಣ್ಣು. ಅವರ ಸುತ್ತ ಒಂದಿಷ್ಟು ಹಸಿರು ಹಾಗೇ ನಿಂತಿತ್ತು. ಯಾವುದು ಗೊತ್ತಾ? ಒಂದು ವಾರದಿಂದ ನಾನು ಕೀಳಬೇಕು ಕೀಳಬೇಕು ಅಂದುಕೊಂಡು ಮುಂದಕ್ಕೆ ಹಾಕುತ್ತಿದ್ದ ಕಾಡುಗಿಡಗಳು!

ನನಗೆ ಆಗ ಏನಾಯಿತು ಅಂತ ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಲ್ಲದಿದ್ದರೆ ನೀವು ನನ್ನನ್ನು ತೀರಾ ಕೆಟ್ಟವಳು ಅಂದುಕೊಳ್ಳುತ್ತೀರಿ. (ಪೂರ್ತಿ ಓದಿದ ಮೇಲೂ ಅಂದುಕೊಂಡರೆ ನನ್ನ ತಕರಾರಿಲ್ಲ.)

ಮೊದಲನೇ ಸಲದ್ದು ಕೇಳಿ. ನನ್ನ ತವರು ಕುಣಿಗಲ್. ಅಲ್ಲಿನ ನಮ್ಮ ಮನೆಯ ಮುಂದೆ ತಿಳಿಗುಲಾಬಿ ಬಣ್ಣದ ಒಂದು ನಾಟಿ ಗುಲಾಬಿ ಇತ್ತು. ಮದುವೆಯಾಗಿ ಗುಬ್ಬಿ ಹತ್ತಿರದ ಗಂಡನ ಊರಿಗೆ ಬರುವಾಗ ಅದರದೊಂದು ಕಡ್ಡಿ ತಂದಿದ್ದೆ. ಬಚ್ಚಲ ನೀರು ಹೋಗುವ ಕಡೆ ನೆಟ್ಟೆ. ಚಿಗುರೂ ಬಂತು. ಒಂದು ಬೆಳಗ್ಗೆ ನೋಡಿದರೆ ಅದು ಬದಿಯಲ್ಲಿ ಬಿದ್ದಿದೆ. ಅಲ್ಲಿ ಒಂದು ಕರಿಬೇವಿನ ಸಸಿ ನಿಂತಿದೆ.

“ಯಾಕತ್ತೆ ಕಿತ್ತಾಕಿದ್ರಿ?” ಅಂದೆ.

“ಉಣ್ಣಕ್ ಬತ್ತದಾ ಅದು?” ಅಂದರು.

ಅಷ್ಟೇ. ಜಗಳವೂ ಇಲ್ಲ, ಕೂಗಾಟವೂ ಇಲ್ಲ. ಆದರೆ ಆ ಮೂರು ಪದ ನನ್ನೊಳಗೆ ಇಪ್ಪತ್ತಾರು ವರ್ಷ ಮುಳ್ಳಿನ ಹಾಗೆ ಉಳಿದುಬಿಟ್ಟವು. ಅತ್ತೆ ಸೊಸೆಯರ ನಡುವೆ ದೊಡ್ಡ ದೊಡ್ಡ ವಿಷಯಗಳು ಮರೆತುಹೋಗುತ್ತವೆ. ಇಂಥ ಕಡ್ಡಿಗಳೇ ಬೇರು ಬಿಡುವುದು.

ಆಮೇಲೆ ನಾವು ತುಮಕೂರಿಗೆ ಬಂದೆವು. ನನಗೆ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್ ಕೆಲಸ. ನಮ್ಮ ಯಜಮಾನರು ಮಹೇಶ ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಮರಳೂರಿನಲ್ಲಿ ಥರ್ಟಿ ಫಾರ್ಟಿ ಸೈಟಿನಲ್ಲಿ ಮನೆ ಕಟ್ಟಿದೆವು. ಮಾವ ತೀರಿಕೊಂಡ ಮೇಲೆ ಅತ್ತೆಯೂ ನಮ್ಮ ಜೊತೆ ಬಂದರು. ಊರಿನ ರಾಗಿ ಹೊಲವನ್ನು ನಮ್ಮವರ ದೊಡ್ಡಪ್ಪನ ಮಗ ರೇಣುಕಣ್ಣ ನೋಡಿಕೊಳ್ಳುತ್ತಾರೆ.

ಮೂರು ವರ್ಷದ ಹಿಂದೆ ಅತ್ತೆಗೆ ಮರೆವು ಶುರುವಾಯಿತು. ಮೊದಲು ಸಾರಿಗೆ ಎರಡೆರಡು ಸಲ ಉಪ್ಪು. ಆಮೇಲೆ ವಿಭೂತಿ ಗಟ್ಟಿ ಎಲ್ಲಿಟ್ಟೆ ಅನ್ನುವುದು. ಆಮೇಲೆ ಹೆಸರುಗಳು. ಈಗ ಮಗನನ್ನು ಕೆಲವೊಮ್ಮೆ ತನ್ನ ಮೈದುನ ಅಂದುಕೊಳ್ಳುತ್ತಾರೆ. ನಾನು ಒಂದು ದಿನ “ಟೀಚರಮ್ಮ”, ಒಂದು ದಿನ ನೆಂಟರವಳು, ಒಂದು ದಿನ ಯಾರೂ ಅಲ್ಲ. ಇದು ವಾಸಿಯಾಗುವ ಕಾಯಿಲೆ ಅಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು.

ಆದರೆ ಒಂದು ವಿಷಯ ಮಾತ್ರ ಅವರು ಮರೆತಿಲ್ಲ. ಮಧ್ಯಾಹ್ನ ನಾಲ್ಕು ಗಂಟೆಯಾಗಲಿ, ಗಡಿಯಾರ ನೋಡದೆಯೇ ಎದ್ದು ನಿಲ್ಲುತ್ತಾರೆ.

“ಹೊತ್ತಾಯ್ತು. ಹೊಲದ ತಾವ ಹೋಗ್ಬೇಕು.”

ಯಾವ ಹೊಲ? ಇದು ಮರಳೂರು! ಎದುರಿಗೆ ಜೆರಾಕ್ಸ್ ಅಂಗಡಿ, ಪಕ್ಕದಲ್ಲಿ ಟ್ಯೂಷನ್ ಸೆಂಟರ್. ಹೇಳಿದರೆ ಕೇಳಬೇಕಲ್ಲ? ಹೋದ ವರ್ಷ ಒಂದು ದಿನ ಗೇಟು ತೆರೆದಿತ್ತು. ಹೊರಟೇ ಹೋದರು. ಒಂದೂವರೆ ಗಂಟೆ ಹುಡುಕಿದೆವು. ಬಸ್‌ಸ್ಟಾಪಿನಲ್ಲಿ ನಿಂತು, ಬಂದ ಬಸ್ಸಿನವರನ್ನೆಲ್ಲ “ಗುಬ್ಬಿಗೆ ಹೋಗ್ತದೇನಪ್ಪ?” ಅಂತ ಕೇಳುತ್ತಿದ್ದರು. ಚಪ್ಪಲಿ ಇರಲಿಲ್ಲ. ಅವತ್ತಿನಿಂದ ಗೇಟಿಗೆ ಬೀಗ.

ಬೀಗ ಹಾಕಿದ ಮೇಲೆ ಸದ್ದು ಶುರುವಾಯಿತು. ನಾಲ್ಕು ಗಂಟೆಗೆ ಹೋಗಿ ಗೇಟು ಹಿಡಿದು ಅಲ್ಲಾಡಿಸುತ್ತಾರೆ. ಬಯ್ಯುವುದಿಲ್ಲ, ಅಳುವುದಿಲ್ಲ. ಸುಮ್ಮನೆ ಅಲ್ಲಾಡಿಸುತ್ತಾರೆ. ಧಡ್, ಧಡ್, ಧಡ್. ಕತ್ತಲಾಗುವವರೆಗೂ. ಮಹೇಶ ಸೆಕೆಂಡ್ ಶಿಫ್ಟಿಗೆ ಒಂದು ಗಂಟೆಗೇ ಹೊರಟುಬಿಡುತ್ತಾರೆ. ಅಲ್ಲಿಂದ ನಾನು ಬರುವವರೆಗೆ ಎದುರು ಮನೆಯ ನಾಗರತ್ನಮ್ಮ ಬಂದು ಕೂತಿರುತ್ತಿದ್ದರು, ಪುಣ್ಯಾತ್ಗಿತ್ತಿ. ನಾನು ಶಾಲೆ ಮುಗಿಸಿ ಬೀದಿಯ ತಿರುವಿಗೆ ಬಂದರೆ ಸಾಕು, ಆ ಸದ್ದು ಕೇಳುತ್ತಿತ್ತು. ಎಷ್ಟೋ ಸಲ ತಿರುವಿನಲ್ಲೇ ಗಾಡಿ ನಿಲ್ಲಿಸಿ ಐದು ನಿಮಿಷ ಸುಮ್ಮನೆ ನಿಂತಿದ್ದೇನೆ. ಮನೆಗೆ ಹೋಗಲು ಮನಸ್ಸು ಬಾರದೆ.

ಹಾಗಿರುವಾಗಲೇ ತೋಟದ ಯೋಚನೆ ಬಂದದ್ದು.

ನಮ್ಮ ಶಾಲೆಯ ಕನ್ನಡ ಟೀಚರ್ ಶೈಲಜಾ ಟೆರೇಸಿನ ಮೇಲೆ ಗಿಡ ಬೆಳೆಸುತ್ತಾರೆ. ಪ್ರತಿದಿನ ಬೆಳಗ್ಗೆ ಸ್ಟಾಫ್ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ, ಕೆಳಗೊಂದು ಸಾಲು. ಮಣ್ಣು ಮುಟ್ಟಿದರೆ ಮನಸ್ಸು ಹಗುರ. ಬೀಜ ಬಿತ್ತಿದವನಿಗೆ ತಾಳ್ಮೆ ತಾನೇ ಬರುತ್ತದೆ. ಇಂಥವು. ನನಗೂ ಹಗುರವಾಗಬೇಕಿತ್ತು. ತಾಳ್ಮೆಯಂತೂ ತುರ್ತಾಗಿ ಬೇಕಿತ್ತು.

ನಮ್ಮ ಮನೆಯ ಹಿಂದೆ ಐದಡಿ ಅಗಲ, ಹದಿನೆಂಟಡಿ ಉದ್ದದ ಜಾಗ. ಮನೆ ಕಟ್ಟುವಾಗ ಉಳಿದ ಜಲ್ಲಿ, ಇಟ್ಟಿಗೆ ಚೂರು ಎಲ್ಲ ಅದರ ಹೊಟ್ಟೆಯಲ್ಲಿ. ಅದನ್ನು ಅಗೆಸಿ, ಒಂದು ಲೋಡು ಕೆಮ್ಮಣ್ಣು ಹಾಕಿಸಿದೆ. ಊರಿನಿಂದ ರೇಣುಕಣ್ಣ ಲಗೇಜ್ ಆಟೊದಲ್ಲಿ ಆರು ಚೀಲ ಕೊಟ್ಟಿಗೆ ಗೊಬ್ಬರ ಕಳಿಸಿದರು. ನರ್ಸರಿಯಿಂದ ಸಸಿ ತಂದೆ. ಯೂಟ್ಯೂಬಿನಲ್ಲಿ ನೋಡಿ ನೋಡಿ ನೆಟ್ಟೆ. ಪ್ರತಿ ಸಸಿಗೂ ಐಸ್‌ಕ್ರೀಂ ಕಡ್ಡಿಯ ಮೇಲೆ ಹೆಸರು ಬರೆದು ಚುಚ್ಚಿದೆ. (ಟೀಚರ್ ಬುದ್ಧಿ. ಹಾಜರಿ ಕೂಗುವುದೊಂದು ಬಾಕಿ.)

ಸುಳ್ಳು ಹೇಳಬಾರದು, ಸಂತೋಷ ಸಿಕ್ಕಿತು. ಬೆಳಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದರೆ ನಿನ್ನೆ ಇಲ್ಲದ ಒಂದು ಎಲೆ ಇವತ್ತು ಇರುತ್ತಿತ್ತು. ಇಡೀ ದಿನದಲ್ಲಿ ನನ್ನನ್ನು ಏನೂ ಕೇಳದೆ, ಬರೀ ಕೊಡುತ್ತಿದ್ದದ್ದು ಅದೊಂದೇ. ಅಲ್ಲಿಗೆ ಅತ್ತೆಯನ್ನು ಬಿಡುತ್ತಿರಲಿಲ್ಲ. ಕಾಲು ಜಾರಿ ಬಿದ್ದಾರು ಅಂತ ಹೊರಗಡೆ ಹೇಳುತ್ತಿದ್ದೆ. ನಿಜವಾದ ಕಾರಣ ಅದಲ್ಲ. ಆ ಐದಡಿಯಲ್ಲಿ ನಾನೊಬ್ಬಳೇ ಇರಬೇಕು ಅನ್ನಿಸುತ್ತಿತ್ತು.

ಇನ್ನೊಂದು ವಿಷಯವೂ ಹೇಳಬೇಕು. ಜೂನ್‌ನಲ್ಲಿ ನಾಗರತ್ನಮ್ಮ ಮಗಳ ಬಾಣಂತನಕ್ಕೆ ಹೋಗುವವರಿದ್ದರು. ಬರುವುದು ವರ್ಷವಾಗಬಹುದು. ಮಧ್ಯಾಹ್ನ ಅತ್ತೆಯನ್ನು ನೋಡಿಕೊಳ್ಳುವವರು ಯಾರು? ಬೆಂಗಳೂರಿನ ಕಡೆ ಇಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಹೋಂ ಇದೆ ಅಂತ ಯಾರೋ ಹೇಳಿದರು. ನಾನೇ ಫೋನು ಮಾಡಿದೆ. ನಾನೇ ಫಾರಂ ಪ್ರಿಂಟ್ ತೆಗೆಸಿದೆ. ಮಹೇಶ ಅದನ್ನು ನೋಡಿ, ಬೇಡ ಅನ್ನಲಿಲ್ಲ, ಬೇಕು ಅನ್ನಲೂ ಇಲ್ಲ. “ನಿಂಗೆ ಹೆಂಗನ್ಸುತ್ತೋ ಅಂಗ್ ಮಾಡು” ಅಂದರು. ಗಂಡಸರು ಹೀಗೆ ಹೇಳಿದಾಗ ಅದು ಒಪ್ಪಿಗೆಯೋ ಆಪಾದನೆಯೋ ತಿಳಿದವರು ದಯವಿಟ್ಟು ನನಗೆ ತಿಳಿಸಿ.

ಈಗ ಆ ಮೇ ತಿಂಗಳ ಬೆಳಗ್ಗೆಗೆ ಬನ್ನಿ. ನಾನು ಹಾಲು ತರಲು ಹೋಗುವಾಗ ಹಿತ್ತಲ ಬಾಗಿಲ ಚಿಲಕ ಹಾಕಲು ಮರೆತಿದ್ದೆ. ಸೆಕೆಂಡ್ ಶಿಫ್ಟ್ ಮುಗಿಸಿ ಬಂದ ಮಹೇಶ ಇನ್ನೂ ಮಲಗಿದ್ದರು.

“ಏನ್ ಮಾಡಿದ್ರೀ ಇದು!” ಕಿರುಚಿದೆ.

ಎಂಟನೇ ಕ್ಲಾಸಿನ ಕೊನೇ ಬೆಂಚಿಗೂ ಕೇಳಿಸುವ ಗಂಟಲು ನನ್ನದು. ಅವತ್ತು ಅದರಲ್ಲಿ ಒಂದು ತಿಂಗಳ ಸಸಿಗಳಿದ್ದವು, ಒಂದು ವರ್ಷದ ಗೇಟಿನ ಸದ್ದಿತ್ತು, ಇಪ್ಪತ್ತಾರು ವರ್ಷದ ಹಿಂದಿನ ಒಂದು ಗುಲಾಬಿ ಕಡ್ಡಿಯೂ ಇತ್ತು. ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ಟನ್ನು ನೆಲಕ್ಕೆ ಎಸೆದೆ. ಒಡೆಯಿತು.

ಅತ್ತೆ ತಿರುಗಿ ನೋಡಿದರು. ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಆಮೇಲೆ ಎಡಗೈ ಎತ್ತಿ ತಲೆಗೆ ಅಡ್ಡ ಹಿಡಿದುಕೊಂಡರು.

“ತಪ್ಪಾಯ್ತು ಅತ್ಯಮ್ಮ. ಹೊಡೀಬ್ಯಾಡಿ. ನಂಗ್ ಗೊತ್ತಾಗ್ನಿಲ್ಲ. ಇನ್ಮ್ಯಾಕೆ ನೋಡ್ಕಂಡ್ ಕೀಳ್ತೀನಿ.”

ಅತ್ಯಮ್ಮ!

ಎಪ್ಪತ್ತೆಂಟು ವರ್ಷದ ನಮ್ಮತ್ತೆ ನನ್ನನ್ನು ಅವರ ಅತ್ತೆ ಅಂದುಕೊಂಡಿದ್ದರು.

ಕೂಗಿಗೆ ಎಚ್ಚರವಾಗಿ ಮಹೇಶ ಬಾಗಿಲಿಗೆ ಬಂದು ನಿಂತಿದ್ದರು. ಅವರೂ ಕೇಳಿಸಿಕೊಂಡರು. ಮಹೇಶ ಹೋಗಿ “ಬಾಮ್ಮ, ಯಾರೂ ಹೊಡಿಯಲ್ಲ ಬಾ” ಅಂತ ಕೈ ಹಿಡಿದು ಎಬ್ಬಿಸಿದರು. ನನ್ನ ಪಕ್ಕದಲ್ಲಿ ಹಾದು ಹೋಗುವಾಗ ಅತ್ತೆ ಗೋಡೆಗೆ ಒತ್ತಿಕೊಂಡು ಹೋದರು. ನನ್ನ ಸೀರೆ ತಾಗದ ಹಾಗೆ.

ಅವತ್ತು ಮಧ್ಯಾಹ್ನ ಕುಣಿಗಲ್‌ಗೆ ಫೋನು ಮಾಡಿದೆ. ನನ್ನ ನಾದಿನಿ ಲಲಿತಾಳನ್ನು ನಮ್ಮೂರಿಗೇ ಕೊಟ್ಟಿದೆ. ನಡೆದದ್ದನ್ನು ಹೇಳಿದೆ. ಹಾಲಿನ ಪ್ಯಾಕೆಟ್ ಎಸೆದದ್ದನ್ನೂ ಬಿಡದೆ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡೆ. ಅವಳು ಬಯ್ಯಲಿಲ್ಲ.

“ಅತ್ತಿಗೆ, ಅಮ್ಮಂಗೆ ಮೊದ್ಲು ಹೊಲದ ಕೆಲ್ಸ ಬತ್ತಿರ್ಲಿಲ್ಲ, ಗೊತ್ತಾ ನಿಮ್ಗೆ?” ಅಂದಳು.

ನನಗೆ ಗೊತ್ತಿರಲಿಲ್ಲ.

“ನಮ್ಮಮ್ಮನ ಅಪ್ಪ ಗುಬ್ಬಿ ಪ್ಯಾಟೇಲಿ ಅಂಗ್ಡಿ ಇಟ್ಟಿದ್ರಲ್ಲ. ಪ್ಯಾಟೆ ಹುಡ್ಗಿ. ಹದ್ನಾರು ವರ್ಷಕ್ಕೆ ಮದ್ವೆ. ಬಂದ್ ವಾರಕ್ಕೇ ಕಳೆ ಕೀಳಕ್ಕೆ ಕಳ್ಸಿದ್ರಂತೆ. ಎಳೇ ರಾಗಿ ಪೈರು, ಹುಲ್ಲು, ಎರಡೂ ಒಂದೇ ತರ ಕಾಣ್ತವಲ್ಲ. ಅಮ್ಮ ಒಂದು ಸಾಲು ಪೂರ್ತಿ ರಾಗಿನೇ ಕಿತ್ತಾಕ್ಬಿಟ್ಟವ್ಳೆ. ಅಮ್ಮನ ಅತ್ತೆ, ನಮ್ಮಜ್ಜಿ, ಹೊಲದಲ್ಲೇ ಎಲ್ಲರ ಮುಂದೆ ತೊಗರಿ ಕಡ್ಡೀಲಿ ಬಾರಿಸಿದ್ರಂತೆ. ನಾನು ಮದ್ವೆಯಾಗಿ ಬರೋ ಹಿಂದಿನ ದಿನ ಹೇಳಿದ್ಲು. ಒಂದೇ ಸಲ ಹೇಳಿದ್ದು. ‘ಕೆಲ್ಸ ಬರ್ದಿದ್ರೆ ಮೊದ್ಲೇ ಕೇಳ್ಕ ಕಣೆ’ ಅಂತ ಹೇಳಕ್ಕೆ.”

ಹೊಲದ ಕೆಲಸದಲ್ಲಿ ನಮ್ಮತ್ತೆಯನ್ನು ಮೀರಿಸಿದವರಿಲ್ಲ ಅಂತ ಊರಲ್ಲಿ ಈಗಲೂ ಹೇಳುತ್ತಾರೆ. ಅವರು ಕಳೆ ಕಿತ್ತ ಸಾಲಿನಲ್ಲಿ ಇನ್ನೊಬ್ಬರು ಹುಡುಕಿದರೂ ಒಂದು ಹುಲ್ಲುಕಡ್ಡಿ ಸಿಗುತ್ತಿರಲಿಲ್ಲವಂತೆ. ಅದು ಹುಟ್ಟಿನಿಂದ ಬಂದ ಜಾಣ್ಮೆ ಅಂದುಕೊಂಡಿದ್ದೆ. ಅದು ಭಯದಿಂದ ಕಲಿತ ವಿದ್ಯೆ. ಹದಿನಾರು ವರ್ಷದ ಹುಡುಗಿಯೊಬ್ಬಳು ಮತ್ತೆ ಏಟು ತಿನ್ನಬಾರದು ಅಂತ ಕಲಿತದ್ದು.

ಗುಲಾಬಿ ಕಡ್ಡಿಯ ಮೇಲಿನ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಉಣ್ಣಲು ಬಾರದ್ದಕ್ಕೆ ಜಾಗ ಕೊಡಬಾರದು ಅಂತ ಏಟು ತಿಂದು ಕಲಿತವರು, ನನಗೆ ಏಟು ಕೊಡದೆ ಒಂದು ಮಾತಲ್ಲಿ ಹೇಳಿ ಮುಗಿಸಿದ್ದರು. ಅವರ ಲೆಕ್ಕದಲ್ಲಿ ಅದು ದೊಡ್ಡ ಕರುಣೆಯೇ ಇರಬೇಕು. ನಾನು ಮಾತ್ರ ಅವರ ಕಣ್ಣಿಗೆ ತೊಗರಿ ಕಡ್ಡಿ ಹಿಡಿದವಳಾಗಿ ಕಂಡೆ. ತಪ್ಪಾಗಿ ಕಂಡೆನೇ? ಇಲ್ಲವಲ್ಲ. ಕೈಯಲ್ಲಿದ್ದದ್ದು ಹಾಲಿನ ಪ್ಯಾಕೆಟ್ಟು, ಅಷ್ಟೇ ವ್ಯತ್ಯಾಸ.

ಅವತ್ತು ನಾಲ್ಕು ಗಂಟೆಯಾಯಿತು. ಅತ್ತೆ ಏಳಲಿಲ್ಲ. ಮಾರನೇ ದಿನವೂ ಇಲ್ಲ. ಅದರ ಮಾರನೇ ದಿನವೂ ಇಲ್ಲ. ನಡುಮನೆಯ ಮೂಲೆಯಲ್ಲಿ ಕೂತು ನಾನು ಅಡುಗೆಮನೆಯಿಂದ ಹೊರಗೆ ಬಂದಾಗಲೆಲ್ಲ ಕಾಲು ಒಳಕ್ಕೆ ಎಳೆದುಕೊಳ್ಳುತ್ತಿದ್ದರು. ಗೇಟಿನ ಸದ್ದು ನಿಂತಿತು. ಒಂದು ವರ್ಷದಿಂದ ನಿಲ್ಲಲಿ ಅಂತ ಬೇಡಿಕೊಂಡಿದ್ದೆನಲ್ಲ, ಹಾಗೆ ನಿಂತಿತು. ಆ ಮೌನದಲ್ಲಿ ನನಗೆ ಅನ್ನ ಇಳಿಯಲಿಲ್ಲ.

ಕ್ಷಮೆ ಕೇಳಿದೆ. “ಅತ್ತೆ, ತಪ್ಪಾಯ್ತು” ಅಂದೆ. ಅವರಿಗೆ ಇನ್ನೂ ಗಾಬರಿಯಾಯಿತು. ಅತ್ತೆಯೇ ಬಂದು ತಪ್ಪಾಯ್ತು ಅಂದರೆ ಯಾವ ಸೊಸೆ ಗಾಬರಿಯಾಗುವುದಿಲ್ಲ?

ನಾಲ್ಕನೇ ದಿನ ನನಗೊಂದು ಯೋಚನೆ ಬಂತು. ಅವರು ನನ್ನನ್ನು ಸೊಸೆ ಅಂತ ಗುರುತಿಸುವವರೆಗೆ ಕಾಯುವುದು ಯಾಕೆ? ಅದು ಎಂದಿಗೆ ಆದೀತು? ಅವರು ಇರುವ ಕಡೆಗೆ ನಾನೇ ಹೋದರಾಗದೇ?

ನಾಲ್ಕು ಗಂಟೆಗೆ ಸೆರಗು ಹೊದ್ದು ಅವರ ಮುಂದೆ ನಿಂತೆ. ಸ್ಕೂಲ್ ಡೇ ನಾಟಕ ಮಾಡಿಸಿದ್ದೇನೆ, ಮಾಡಿದವಳಲ್ಲ.

“ಸಿದ್ದಗಂಗಾ” ಅಂದೆ.

(ಅತ್ತೆಯನ್ನು ಹೆಸರು ಹಿಡಿದು ಕರೆದೆ! ನಾಲಿಗೆ ಸುಟ್ಟ ಹಾಗಾಯಿತು.)

ತಲೆ ಎತ್ತಿದರು.

“ಹೊಲದಲ್ಲಿ ಕಳೆ ಎದ್ದದೆ ಕಣವ್ವ. ಆಳುಗಳ ಕೈಲಿ ಆಯ್ತಿಲ್ಲ. ನೀನೇ ಬರ್ಬೇಕು. ನಿನ್ನಷ್ಟು ಸಲೀಸಾಗಿ ಕಳೆ ಕೀಳೋರು ಈ ಊರಲ್ಲೇ ಇಲ್ಲ.”

ಅವರು ನನ್ನನ್ನೇ ನೋಡಿದರು. ನಂಬಲೋ ಬೇಡವೋ ಅನ್ನುವ ಹಾಗೆ ನೋಡಿದರು.

“ನಾನಾ ಅತ್ಯಮ್ಮ?” ಅಂದರು.

“ಇನ್ಯಾರು? ನೀನೇ.”

ಆಮೇಲೆ ಅವರ ಮುಖದಲ್ಲಿ ಆದದ್ದನ್ನು ಬರೆಯಲು ನನಗೆ ಬರುವುದಿಲ್ಲ. ಒಂದು ಹುಡುಗಿ ನಕ್ಕಳು, ಅಷ್ಟು ಹೇಳಬಲ್ಲೆ. ಅರವತ್ತೆರಡು ವರ್ಷ ತಡವಾಗಿ, ಅದೂ ಒಬ್ಬ ನಕಲಿ ಅತ್ತೆಯ ಬಾಯಿಂದ ಬಂದ ಮಾತು ಅದು. ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ನನಗಿಂತ ಮುಂದೆ ನಡೆದರು.

ಹಿತ್ತಲಿಗೆ ಹೋಗಿ ಕೂತರು. ನಾನೂ ಪಕ್ಕದಲ್ಲಿ ಕೂತೆ. ಅವತ್ತು ಅವರು ಉಳಿಸಿದ್ದ ಆ ಕಾಡುಗಿಡಗಳು ಇನ್ನಷ್ಟು ಚಿಗುರಿದ್ದವು. ಅವರು ಅವುಗಳನ್ನು ಮುಟ್ಟಲಿಲ್ಲ. ಸುತ್ತಲಿನ ಹುಲ್ಲನ್ನು, ಪಾರ್ಥೇನಿಯಂ ಅನ್ನು ಕಿತ್ತು ಹಾಕಿದರು. ಆಮೇಲೆ ಆ ಗಿಡಗಳ ಕುಡಿ ಚಿವುಟಿ ಚಿವುಟಿ ಮಡಿಲಿಗೆ ಹಾಕಿಕೊಳ್ಳತೊಡಗಿದರು.

“ಇದೇನು?” ಅಂದೆ.

“ಅಣ್ಣೆ ಸೊಪ್ಪು.”

“ಇದು?”

“ಗೋಣಿ ಸೊಪ್ಪು. ಅಕಾ, ಅದು ಕೀರೆ. ಅಲ್ಲಿರೋದು ಗಣಿಕೆ. ಎಲ್ಲಾ ನಮ್ ಹೊಲದ್ದೇ.”

ನಮ್ಮ ಹೊಲದ್ದೇ! ನನಗೆ ಥಟ್ಟನೆ ಹೊಳೆಯಿತು. ರೇಣುಕಣ್ಣ ಕಳಿಸಿದ್ದ ಆರು ಚೀಲ ಗೊಬ್ಬರ. ಆ ಹೊಲದ ಮೇವು ತಿಂದ ದನ, ಆ ದನದ ಗೊಬ್ಬರ, ಆ ಗೊಬ್ಬರದಲ್ಲಿ ಈ ಬೀಜ. ನಾವು ಬೀಗ ಹಾಕಿ ಅತ್ತೆಯನ್ನು ಹೊಲಕ್ಕೆ ಹೋಗದಂತೆ ತಡೆದಿದ್ದೆವು. ಹೊಲವೇ ಲಗೇಜ್ ಆಟೊ ಹತ್ತಿ ಬಂದಿತ್ತು. ಇಪ್ಪತ್ತೈದು ವರ್ಷ ಬೀಜ ಪ್ರಸಾರದ ಪಾಠ ಮಾಡಿದ್ದೇನೆ. ಗಾಳಿಯಿಂದ, ನೀರಿನಿಂದ, ಪ್ರಾಣಿಗಳಿಂದ ಅಂತ ಬೋರ್ಡಿನ ಮೇಲೆ ಬರೆದಿದ್ದೇನೆ. ನನ್ನ ಹಿತ್ತಲಲ್ಲಿ ನಡೆದಾಗ ಗುರುತು ಸಿಗಲಿಲ್ಲ.

ಅವತ್ತು ಬೆರಕೆ ಸೊಪ್ಪಿನ ಉಪ್ಸಾರು ಮಾಡಿದೆ. ಸೊಪ್ಪು ಬಿಡಿಸಿಕೊಟ್ಟದ್ದು ಅವರೇ. “ಕಡ್ಡಿ ಎಸೀಬ್ಯಾಡ, ಎಳೇದು” ಅಂತ ಒಂದೆರಡು ಸಲ ಗದರಿದರು. ಗದರಿಸಿಕೊಂಡು ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಮಾರನೇ ದಿನ ಮಹೇಶನ ವಾರದ ರಜ. ಮಧ್ಯಾಹ್ನ ಮುದ್ದೆಗೆ ಅದೇ ಸಾರು, ಪಕ್ಕದಲ್ಲಿ ಖಾರ. ಒಂದು ತುತ್ತು ನುಂಗಿ ತಲೆ ಎತ್ತಿದರು.

“ಯಾರ್ ಮಾಡಿದ್ದು?”

“ಸೊಪ್ಪು ಅತ್ತೇದು. ಸಾರು ನಂದು.”

ಎರಡನೇ ಮುದ್ದೆ ಹಾಕಿಸಿಕೊಂಡರು. ಕೈ ತೊಳೆದು ಬಂದು ಹಿತ್ತಲ ಬಾಗಿಲಲ್ಲಿ ತುಂಬಾ ಹೊತ್ತು ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗದೆಯೇ, “ಆ ಫಾರಂ ಕಳ್ಸಿಬಿಟ್ಯಾ?” ಅಂದರು.

“ಇಲ್ಲ.”

“ಬುಡು ಅಂಗಾದ್ರೆ” ಅಂದರು. ಇಷ್ಟು ದಿನ ಕಾದಿದ್ದ ಮಾತು ಅದೇ ಇರಬೇಕು. ನಾನು ಫಾರಂ ಹರಿದು ಹಾಕಿದೆ.

ಎಲ್ಲ ಸರಿಹೋಯಿತು ಅಂತ ನೀವು ಅಂದುಕೊಳ್ಳಬೇಡಿ. ಮರೆವು ಸೊಪ್ಪಿನ ಸಾರಿಗೆ ಹೋಗುವ ಕಾಯಿಲೆಯಲ್ಲ. ಈಗಲೂ ಕೆಲವು ದಿನ ಹಿತ್ತಲು ತೋರಿಸಿದರೂ ಬೇಡ ಅಂತ ಗೇಟಿಗೇ ಹೋಗುತ್ತಾರೆ. ಹೋದ ಸೋಮವಾರ ಒಂದು ಗಂಟೆ ಅಲ್ಲಾಡಿಸಿದರು. ಮಗನ ಹೆಸರು ಪೂರ್ತಿ ಹೋಗಿದೆ. ಜೂನ್‌ನಿಂದ ಕೋರದ ಕಡೆಯಿಂದ ಜಯಮ್ಮ ಅಂತ ಒಬ್ಬರು ಮಧ್ಯಾಹ್ನದ ಹೊತ್ತು ಬರುತ್ತಿದ್ದಾರೆ. ನನ್ನ ವಯಸ್ಸಿನವರು, ಹೊಲ ಮನೆ ಮಾಡಿ ಗೊತ್ತಿರುವವರು. ಮೊದಲ ದಿನ ಮನೆ ನೋಡಿಕೊಳ್ಳಲು ಬೆಳಗ್ಗೆಯೇ ಬಂದ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ನಾನು ಹೊಸದಾಗಿ ತಂದು ನೆಟ್ಟಿದ್ದ ಟೊಮೇಟೊ ತೋರಿಸಲು ಹೊರಟರೆ, ಅತ್ತೆ ಅವರನ್ನು ಕರೆದು ಸೊಪ್ಪು ತೋರಿಸಿದರು. ಇಬ್ಬರೂ ಕೂತು ಮಾತಿಗೆ ಶುರು ಮಾಡಿದರು. ನಾನು ಲೇಟಾಗುತ್ತದೆ ಅಂತ ಶಾಲೆಗೆ ಹೊರಟೆ. ಹೋಗಿ ಬರ್ತೀನಿ ಅಂದದ್ದು ಇಬ್ಬರಿಗೂ ಕೇಳಿಸಲಿಲ್ಲ.

ಹೆಚ್ಚಿನ ದಿನ ಮಾತ್ರ ನಾಲ್ಕಕ್ಕೆ ಎದ್ದು ಹಿಂದಕ್ಕೆ ಹೋಗುತ್ತಾರೆ. ಹೊತ್ತು ಇಳಿದ ಮೇಲೆ ಒಳಗೆ ಬಂದು ಕಾಲು ತೊಳೆದು, ವಿಭೂತಿ ಇಟ್ಟುಕೊಂಡು, “ಹೊಲದ್ ಕೆಲ್ಸ ಆಯ್ತು” ಅನ್ನುತ್ತಾರೆ. ಕೆಲಸ ಮುಗಿದ ಮನುಷ್ಯರ ಆ ದಣಿವು ಅವರ ಮುಖದಲ್ಲಿ ಕಾಣುತ್ತದೆ. ಅದು ಅವರಿಗೆ ಬೇಕಿತ್ತು. ನಾವು ಟಿವಿ ಹಾಕಿಕೊಡುತ್ತಿದ್ದೆವು.

ಶೈಲಜಾ ಟೀಚರ್ ಮೊನ್ನೆ ಸ್ಟಾಫ್ ರೂಮಿನಲ್ಲಿ ಕೇಳಿದರು. “ಹೇಗಿದೆ ಮೇಡಂ ಗಾರ್ಡನ್ನು? ಶಾಂತಿ ಸಿಕ್ತಾ?”

ಏನು ಹೇಳಲಿ? ನಾನು ನೆಟ್ಟದ್ದು ಒಂದೂ ಉಳಿಯಲಿಲ್ಲ. ಆಮೇಲೆ ತಂದ ಟೊಮೇಟೊಗೆ ಎಲೆ ಮುರುಟು ರೋಗ ಬಂತು. ನಾನು ನೆಡದೇ ಇದ್ದದ್ದನ್ನು ವಾರಕ್ಕೆ ಎರಡು ಸಲ ತಿನ್ನುತ್ತಿದ್ದೇವೆ. ಐಸ್‌ಕ್ರೀಂ ಕಡ್ಡಿಯ ಮೇಲೆ ಹೆಸರು ಬರೆದು ‘ನನ್ನದು’ ಅಂದದ್ದೆಲ್ಲ ಹೋಯಿತು. ಹೆಸರೇ ಗೊತ್ತಿಲ್ಲದೆ ಕೀಳಲು ಹೊರಟಿದ್ದೆನಲ್ಲ, ಅದು ನಮ್ಮನ್ನು ಸಾಕುತ್ತಿದೆ. ತೋಟದಿಂದ ತಾಳ್ಮೆ ಬರುತ್ತದೆ ಅನ್ನುತ್ತಾರೆ. ನನಗೆ ಬಂದದ್ದು ಮೊದಲು ನಾಚಿಕೆ. ತಾಳ್ಮೆ ಈಗೀಗ ಅದರ ಹಿಂದೆ ನಿಧಾನಕ್ಕೆ ಬರುತ್ತಿದೆ. ಅಧ್ಯಾತ್ಮ ಅನ್ನುವುದು ಇದೇ ಆಗಿದ್ದರೆ ಅದಕ್ಕೆ ಬೆಟ್ಟ ಹತ್ತಬೇಕಾಗಿಲ್ಲ. ಕುಕ್ಕರಗಾಲಲ್ಲಿ ಕೂತರೆ ಸಾಕು. ಮಂಡಿ ನೋವು ಬೇರೆ ವಿಷಯ.

“ಸಿಗ್ತಾ ಇದೆ ಮೇಡಂ, ಕಂತಿನಲ್ಲಿ” ಅಂದೆ.

ನಿನ್ನೆ ಭಾನುವಾರ. ಸಣ್ಣ ಮಳೆ ಬಂದು ನಿಂತಿತ್ತು. ಅತ್ತೆ, ನಾನು ಹಿತ್ತಲಲ್ಲಿ ಕೂತಿದ್ದೆವು. ಅವರು ಗೋಣಿ ಸೊಪ್ಪು ಕುಯ್ಯುತ್ತಿದ್ದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಎಲೆಯ ಕೆಳಗೆ ಬೆರಳು ಹೋಗುವುದು, ಉಗುರು ಒತ್ತುವುದು, ಕುಡಿ ಬರುವುದು. ಬುಡ ಅಲ್ಲಾಡುವುದಿಲ್ಲ. ಮಗನ ಹೆಸರು ಮರೆತ ಮನುಷ್ಯರ ಕೈ ಅದು.

ಇದ್ದಕ್ಕಿದ್ದ ಹಾಗೆ ನನ್ನ ಕಡೆ ತಿರುಗಿದರು. ಯಾರೋ ಹೊಸಬಳನ್ನು ನೋಡುವ ನೋಟ. ಅವತ್ತು ನಾನು ಅತ್ಯಮ್ಮನೂ ಅಲ್ಲ, ಟೀಚರಮ್ಮನೂ ಅಲ್ಲ.

“ಮದ್ವೆ ಆಗೈತೇನವ್ವ ನಿಂಗೆ?”

“ಆಗಿದೆ.”

“ಅತ್ತೆ ಅವ್ರಾ?”

“ಅವ್ರೆ.”

ಕೈ ನಿಲ್ಲಿಸಿದರು. ಸ್ವಲ್ಪ ಹತ್ತಿರಕ್ಕೆ ಜರುಗಿದರು. ಯಾರಾದರೂ ಕೇಳಿಸಿಕೊಂಡಾರು ಅನ್ನುವಂತೆ ಮನೆಯ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ ಕೇಳಿದರು. “ಒಳ್ಳೇವ್ರಾ?”

ಇಪ್ಪತ್ತಾರು ವರ್ಷದಲ್ಲಿ ಈ ಪ್ರಶ್ನೆಯನ್ನು ಎಷ್ಟೋ ಜನ ಕೇಳಿದ್ದಾರೆ. ಅಮ್ಮ ಕೇಳಿದ್ದಾಳೆ, ಅಕ್ಕಂದಿರು ಕೇಳಿದ್ದಾರೆ, ಸ್ಟಾಫ್ ರೂಮಿನಲ್ಲಿ ಕೇಳಿದ್ದಾರೆ. ಯಾರು ಕೇಳಿದರೂ ನನ್ನ ಹತ್ತಿರ ಉತ್ತರ ರೆಡಿ ಇರುತ್ತಿತ್ತು, ಉದಾಹರಣೆ ಸಮೇತ. ನಿನ್ನೆ ಮೊದಲ ಸಲ ಯೋಚನೆ ಮಾಡಿದೆ.

“ಹೂಂ. ಒಳ್ಳೇವ್ರು” ಅಂದೆ.

ಅತ್ತೆಗೆ ಸಮಾಧಾನವಾಯಿತು. ಮತ್ತೆ ಸೊಪ್ಪಿನ ಕಡೆ ತಿರುಗಿದರು.

“ಮತ್ತೆ ಸುಮ್ಕೆ ಕುಂತ್ಕಂಡು ನನ್ ಮುಖ ಏನ್ ನೋಡ್ತೀಯ? ಸೊಪ್ಪು ಕುಯ್ಯಿ!”